ಮೆಣಸಿನ ಗಿಡದ ಬುಡ

ಹಸಿರಲ್ಲ ಇದು, ಹಳದಿಯೂ ಅಲ್ಲ — ನಿನ್ನೆ ಸಂಜೆಯವರೆಗೂ ಹಸಿರೆಂದೇ ನಂಬಿದ್ದೆ, ಆದರೆ ಬೆಳಗಿನ ಬೆಳಕು ಯಾರ ಮುಲಾಜೂ ನೋಡುವುದಿಲ್ಲ, ಬಣ್ಣದ ಅಂಗಡಿಗೆ ಬಂದವರಿಗೆ ದಿನಕ್ಕೆ ಹತ್ತು ಸಲ ಹೇಳುತ್ತೇನೆ, ಟ್ಯೂಬ್‌ಲೈಟ್ ಕೆಳಗೆ ಬಣ್ಣ ಆರಿಸಬೇಡಿ, ಹೊರಗೆ ಹೋಗಿ ಬಿಸಿಲಿಗೆ ಹಿಡಿದು ನೋಡಿ, ಗೋಡೆಗೆ ಬಳಿದಾದ ಮೇಲೆ ಬಂದು ನನ್ನ ಮೇಲೆ ಕೂಗಾಡಬೇಡಿ, ಅಂಥ ನಾನೇ ನನ್ನ ಬಾಲ್ಕನಿಯ ಮೆಣಸಿನ ಗಿಡವನ್ನು ಮೂರು ವಾರ ಕೆಲಸದಿಂದ ಬಂದ ಮೇಲೆ ಮಬ್ಬಿನಲ್ಲಿ ನೋಡಿ, ಚೆನ್ನಾಗಿದೆ ಅಂದುಕೊಂಡೆನಲ್ಲ, ಇಪ್ಪತ್ತೆರಡು ವರ್ಷ ಬಣ್ಣ ಕಲಸಿದ ಕಣ್ಣಿಗೆ ಏನಾಯಿತು — ಇವತ್ತು ಭಾನುವಾರ, ಬಸ್ಸು ಹಿಡಿಯುವ ಅವಸರವಿಲ್ಲ, ಕುಕ್ಕರಗಾಲಿನಲ್ಲಿ ಕೂತು ಎಲೆಯನ್ನು ಬೆರಳ ಮೇಲೆ ಇಟ್ಟುಕೊಂಡು ನೋಡುತ್ತಿದ್ದೇನೆ, ನರಗಳ ಉದ್ದಕ್ಕೂ ಹಸಿರು ಉಳಿದಿದೆ, ನಡುವಿನ ಜಾಗವೆಲ್ಲ ಬಿಳಿಚಿಕೊಂಡಿದೆ, ಹಸಿರು ಬಣ್ಣಕ್ಕೆ ಯಾರೋ ಸುಣ್ಣದ ನೀರು ಬೆರೆಸಿದ ಹಾಗೆ, ಪಕ್ಕದ ಬಕೆಟ್ಟಿನ ಟೊಮೆಟೊ ನೋಡಿದರೆ ಮದುವೆಗೆ ಹೊರಟವಳ ಹಾಗೆ ನಿಂತಿದೆ, ಪುದೀನ ತನ್ನ ತಗಡಿನ ಡಬ್ಬದಿಂದ ಆಚೆ ತಲೆ ಹಾಕಿ ಬೀದಿ ನೋಡುತ್ತಿದೆ, ಅದೇ ಮಣ್ಣು, ಅದೇ ಗೊಬ್ಬರ, ಅದೇ ಬಿಸಿಲು, ನೀರು ಹಾಕುವುದೂ ಅದೇ ಕೈ, ಮತ್ತೆ ಇದೊಂದಕ್ಕೆ ಮಾತ್ರ ಏನು ಕೇಡು, ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬಳು ಹೀಗೆ ಒಬ್ಬಳು ಹಾಗೆ ಆಗುವುದಿಲ್ಲವೇ, ನಾನು ಮತ್ತು ತಂಗಿ — ಬೇಡ, ತಂಗಿಯ ವಿಷಯ ಬೇಡ, ಅವಳು ಫೋನು ಮಾಡದೆ ನಾಲ್ಕು ದಿನವಾಯಿತು, ನಾನೂ ಮಾಡಿಲ್ಲ, ಈಗ ಎಲೆ ನೋಡೋಣ.

ಈ ತೋಟಕ್ಕೆ ನಾನು ದುಡ್ಡು ಕೊಟ್ಟು ತಂದದ್ದು ಬೀಜ ಮಾತ್ರ, ಅದೂ ಟೊಮೆಟೊದ್ದು ಅಲ್ಲ, ಅದು ಕೊಳೆತ ಟೊಮೆಟೊ ಹಿಂಡಿ ಕಾಗದದ ಮೇಲೆ ಒಣಗಿಸಿದ್ದು, ಬಕೆಟ್ಟುಗಳೆಲ್ಲ ಅಂಗಡಿಯವು, ಪೇಂಟರ್‌ಗಳು ಖಾಲಿ ಮಾಡಿ ಬಿಸಾಡಿದ ಇಪ್ಪತ್ತು ಲೀಟರಿನವು, ಮಾಲೀಕರನ್ನು ಕೇಳಿದಾಗ ತಗೊಂಡು ಹೋಗಿ, ಆದ್ರೆ ಮೊದಲ ಟೊಮೆಟೊ ನನಗೆ ಅಂದಿದ್ದರು, ಒಳಗೆ ಅಂಟಿದ ಬಣ್ಣವನ್ನು ನಾಲ್ಕು ಸಂಜೆ ಕೂತು ಕೆರೆದು ತೆಗೆದೆ, ಮೊಳೆಯನ್ನು ಒಲೆಯ ಮೇಲೆ ಕೆಂಪಗೆ ಕಾಯಿಸಿ ಇಕ್ಕಳದಲ್ಲಿ ಹಿಡಿದು ತಳಕ್ಕೆ ಚುಚ್ಚಿ ತೂತು ಮಾಡಿದೆ, ಸುಟ್ಟ ಪ್ಲಾಸ್ಟಿಕ್ಕಿನ ನಾತಕ್ಕೆ ಅಮ್ಮ ಮೂಗು ಮುಚ್ಚಿಕೊಂಡು, ಇದೇನು ಆಪರೇಷನ್ನಾ, ಗ್ಲೌಸ್ ಆದ್ರೂ ಹಾಕ್ಕೊಳ್ಳೇ ಅಂದಳು, ಮೂವತ್ತನಾಲ್ಕು ವರ್ಷ ದೊಡ್ಡಾಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು, ಅವಳ ಕಣ್ಣಿಗೆ ಅಡುಗೆಮನೆಯೂ ವಾರ್ಡೇ, ಮಣ್ಣು ತಂದದ್ದು ನಮ್ಮ ಬೀದಿಯ ಕೊನೆಯಲ್ಲಿ ಪಾಯ ತೋಡುತ್ತಿದ್ದ ಕಡೆಯಿಂದ, ದಿನಕ್ಕೊಂದು ಕೈಚೀಲ, ಅದಕ್ಕೆ ರಸ್ತೆ ಬದಿಯ ಒಣಗಿದ ಎಲೆ, ತರಕಾರಿ ಸಿಪ್ಪೆ, ತೊಳೆದು ಒಣಗಿಸಿದ ಚಹಾದ ಚರಟ, ಪುಡಿ ಮಾಡಿದ ಮೊಟ್ಟೆಯ ಚಿಪ್ಪು, ಅಕ್ಕಿ ತೊಳೆದ ನೀರು ಕೂಡ ಚರಂಡಿ ಕಂಡಿದ್ದಿಲ್ಲ, ಪಾತ್ರೆ ತೊಳೆಯುವ ತೊಟ್ಟಿಯ ಕೆಳಗೆ ಕೊಳವೆ ಬಿಚ್ಚಿ ಬಕೆಟ್ಟು ಇಟ್ಟಿದ್ದೇನೆ, ಕಸದಿಂದ ರಸ ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಕಸವೇ ಇಲ್ಲ, ಎಲ್ಲ ಬರೀ ರಸ — ಪಾಲಕ್ ಬಿತ್ತಿದ್ದು ಮಾತ್ರ ಅಮ್ಮನ ಸೂಟ್‌ಕೇಸಿನಲ್ಲಿ, ಎರಡು ವರ್ಷದ ಹಿಂದೆ ಅವಳು ನನ್ನ ಜೊತೆ ಇರಲು ಬಂದಾಗ ಹೊತ್ತು ತಂದದ್ದು, ಮುಚ್ಚಳದ ಕೀಲು ಮುರಿದಿತ್ತು, ಆಳವೂ ಸೊಪ್ಪಿಗೆ ಸರಿಯಾಗಿತ್ತು, ಮಣ್ಣು ತುಂಬಿ ಮುಗಿದ ಮೇಲೆ ಅಮ್ಮ ಬಂದು ನೋಡಿ, ಸರಿ, ನಾನಿನ್ನು ಎಲ್ಲಿಗೂ ಹೋಗೋ ಹಾಗಿಲ್ಲ ಅಂತಾಯ್ತು ಅಂದಳು, ನಗುತ್ತಲೇ ಅಂದಳು, ನಾನೂ ನಕ್ಕೆ, ಕೇಳದೆ ತಗೊಂಡೆನಲ್ಲ ಎಂದು ಹೊಳೆದದ್ದು ಎಷ್ಟೋ ದಿನದ ಮೇಲೆ.

ಹಾಗಾದರೆ ಮೆಣಸಿನ ಗಿಡಕ್ಕೆ ಏನು — ಬಣ್ಣ ಉಳಿದಿತ್ತೇ ತಳದಲ್ಲಿ, ಇಲ್ಲ, ಟೊಮೆಟೊದ ಬಕೆಟ್ಟಿನ ಜೊತೆಯದೇ ಇದು, ಬೆಕ್ಕು ಉಚ್ಚೆ ಹೊಯ್ದಿದೆಯೇ, ಮೂಸಿ ನೋಡಿದೆ, ಬರೀ ಮಣ್ಣಿನ ವಾಸನೆ, ಜೊತೆಗೆ ಏನೋ ಸಣ್ಣಗೆ ಔಷಧದ ಅಂಗಡಿಯ ಹಾಗೆ, ಅಥವಾ ನನ್ನ ಮೂಗಿಗೆ ಇಪ್ಪತ್ತೆರಡು ವರ್ಷದ ಟರ್ಪೆಂಟೈನ್ ಅಂಟಿಕೊಂಡಿದೆ, ಬೆರಳಿಟ್ಟರೆ ಬುಡ ಒದ್ದೆ, ನಿನ್ನೆ ನಾನು ನೀರೇ ಹಾಕಿಲ್ಲವಲ್ಲ, ಟೊಮೆಟೊ ಒಣಗಿದೆ, ಇದು ಒದ್ದೆ, ಯಾಕೆ — ಎದ್ದು ಹೋಗಿ ಹಳೇ ಚಮಚ ತಂದೆ, ಗುಡ್ಡ ಅಗೆದು ಇಲಿ ಹಿಡಿಯುವವರ ಹಾಗೆ ಶುರು ಮಾಡಿದೆ, ಅಮ್ಮ ಕೂರುವ ಕುರ್ಚಿಯ ಪಕ್ಕದ ಅಂಚಿನಿಂದ, ಬೇರು ಕೊಳೆತಿದೆಯೋ ನೋಡಬೇಕು, ಬಿಳಿ ಹುಳು ಇದೆಯೋ ನೋಡಬೇಕು, ಎರಡನೆಯ ಚಮಚಕ್ಕೇ ಬಿಳಿ ಕಂಡಿತು, ಅಯ್ಯೋ ಮೊಟ್ಟೆ — ಹೌದು, ಹೋದ ತಿಂಗಳೂ ಒಂದು ಸಿಕ್ಕಿತ್ತು, ಗುಂಡಗೆ, ಬೆಳ್ಳಗೆ, ಅಕ್ಕಿಕಾಳಿಗಿಂತ ದೊಡ್ಡದು, ಹಲ್ಲಿಯದೋ ಏನೋ, ಪಾಪ ಎಲ್ಲಿಂದಲೋ ಬಂದು ನಮ್ಮ ಬಕೆಟ್ಟು ಹುಡುಕಿಕೊಂಡಿದೆ ಎಂದು ಅದರ ಮೇಲೆ ಮಣ್ಣು ಎಳೆದು ಮುಚ್ಚಿದ್ದೆ, ಮರಿ ಹೊರಗೆ ಬರುತ್ತದೇನೋ ಎಂದು ಎರಡು ಮೂರು ದಿನ ಕಾದೂ ಕಾದಿದ್ದೆ, ಇವತ್ತು ಒಂದಲ್ಲ, ಐದು, ಆರು, ಇನ್ನೊಂದು ಚಮಚಕ್ಕೆ ಒಂದಷ್ಟು ಗುಲಾಬಿ ಬಣ್ಣದವು, ಹಲ್ಲಿ ಗುಲಾಬಿ ಮೊಟ್ಟೆ ಇಡುತ್ತದೆಯೇ, ಒಂದನ್ನು ಬೆರಳ ನಡುವೆ ಹಿಡಿದು ಒತ್ತಿದೆ, ಉಬ್ಬಿ ಮೆತ್ತಗಾಗಿತ್ತು, ಮೇಲಿನ ಪೊರೆ ಸುಲಿದು ಒಳಗಿಂದ ಬಿಳಿ ಹಿಟ್ಟು, ನಡುವೆ ಅಡ್ಡಗೆರೆ, ಅರ್ಧ ಮುರಿಯಲೆಂದು ಕಾರ್ಖಾನೆಯಲ್ಲೇ ಕೊರೆದಿರುತ್ತಾರಲ್ಲ ಆ ಗೆರೆ, ಈ ಗೆರೆ ನನಗೆ ಗೊತ್ತು, ಪ್ರತಿ ದಿನ ಬೆಳಗ್ಗೆ ಏಳೂವರೆಗೆ ಅಮ್ಮನ ಅಂಗೈಯಲ್ಲಿ ನಾನೇ ಇಡುವ ಮಾತ್ರೆ ಇದು, ಬಿಪಿಯದು.

ಪತ್ರಿಕೆ ಹಾಸಿ ಅಗೆದ ಮಣ್ಣು ಸುರಿದೆ, ಆಳದಲ್ಲಿದ್ದವು ಕರಗಿ ಮಣ್ಣಿನಲ್ಲಿ ಬಿಳಿ ಗೆರೆಯಾಗಿದ್ದವು, ಮೇಲಿನವು ಇನ್ನೂ ಗುಂಡಗೆ, ಬಿಳಿ, ಗುಲಾಬಿ, ಆಮೇಲೆ ಸಣ್ಣ ಹಳದಿ, ಈ ಹಳದಿಯದು ಶುರುವಾದದ್ದೇ ಹೋದ ತಿಂಗಳು, ಡಾಕ್ಟರು ಅಮ್ಮನ ತೋಳಿಗೆ ಪಟ್ಟಿ ಕಟ್ಟಿ ಗಾಳಿ ಊದಿ, ಏನಮ್ಮಾ, ಎರಡು ಮಾತ್ರೆ ಕೊಟ್ಟರೂ ಇಳೀತಾನೇ ಇಲ್ಲವಲ್ಲ, ಮೂರನೇದು ಸೇರಿಸೋಣ, ಮೊದಲಿನದನ್ನ ಜಾಸ್ತಿ ಮಾಡೋಣ ಅಂದರು, ಅಮ್ಮ ತಲೆಯಾಡಿಸಿದಳು, ಆಗಲಿ ಡಾಕ್ಟ್ರೇ ಅಂದಳು, ನಾನು ಪಕ್ಕದಲ್ಲಿ ಕೂತು ಚೀಟಿ ಮಡಿಸಿಟ್ಟುಕೊಂಡೆ, ಇಳಿಯುವುದು ಹೇಗೆ, ಮೆಣಸಿನ ಗಿಡದ ಬಿಪಿ ಇಳಿದಿರಬೇಕು ಅಷ್ಟೆ — ನಗು ಬರುತ್ತಿದೆ, ಯಾಕೆ ನಗು ಬರುತ್ತಿದೆ, ದಿನಾ ನನ್ನ ಕೈಯಿಂದ ಮಾತ್ರೆ, ಲೋಟ ತಗೊಂಡು, ನಿಂತು ನುಂಗಿದ್ರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ, ಕೂತು ನುಂಗ್ತೀನಿ, ನೀನು ಹೊರಡು, ಬಸ್ಸು ಹೋಗುತ್ತೆ ಅನ್ನುವಳು, ಬಾಲ್ಕನಿಯ ಕುರ್ಚಿಗೆ ಬರುವಳು, ನಾನು ಮೆಟ್ಟಿಲು ಇಳಿಯುವಾಗ ಮೇಲಿಂದ ಕೈಬೀಸುವಳು, ಲೋಟದ ನೀರೂ ಗಿಡಕ್ಕೇ ಹೋಗುತ್ತಿತ್ತು, ಅದಕ್ಕೇ ಈ ಒದ್ದೆ — ಒಂದು ಗಂಟು ಬಿಚ್ಚಿತು ಅನ್ನುವಾಗ ಇನ್ನೊಂದು ತಾನಾಗಿಯೇ ಬಿಚ್ಚಿಕೊಳ್ಳುತ್ತಿದೆ, ಬುಧವಾರ, ಬುಧವಾರ ಅಂಗಡಿಗೆ ಸರಕಿನ ಲಾರಿ ಬರುವುದಿತ್ತು, ನಾನು ಆರಕ್ಕೇ ಹೋಗಬೇಕಿತ್ತು, ತಂಗಿ ಬಂದು ಅಮ್ಮನ ಜೊತೆಗಿದ್ದಳು, ತಂಗಿ ಚಿಕ್ಕಂದಿನಿಂದಲೂ ಹಿಡಿದದ್ದು ಬಿಡುವವಳಲ್ಲ, ನನ್ನ ಮುಂದೆ ನುಂಗಮ್ಮ, ನಾನು ನೋಡಬೇಕು ಅಂದಿರುತ್ತಾಳೆ, ಎದುರಿಗೇ ಕೂತಿರುತ್ತಾಳೆ, ಅಮ್ಮ ನುಂಗಿದ್ದಾಳೆ, ಮೂರನ್ನೂ, ತಿಂಗಳುಗಟ್ಟಲೆ ಒಂದೂ ಕಾಣದ ಮೈಗೆ ಒಂದೇ ಸಲ ಮೂರು, ಹತ್ತು ಗಂಟೆಗೆ ಬಚ್ಚಲ ಬಾಗಿಲಲ್ಲಿ ಬಿದ್ದಳು, ಹುಬ್ಬಿನ ಮೇಲೆ ಮೂರು ಹೊಲಿಗೆ, ನಾನು ಓಡಿ ಬಂದು ತಂಗಿಯನ್ನು ಹಿಡಿದುಕೊಂಡೆ, ಏನು ಕೊಟ್ಟೆ ನೀನು, ಯಾವುದರ ಬದಲು ಯಾವುದು ಕೊಟ್ಟೆ, ಬರೆದಿಟ್ಟಿದ್ದನ್ನ ಓದೋಕೂ ಆಗಲ್ವಾ ನಿನಗೆ, ಅವಳು ಮಾತ್ರೆಗಳ ಖಾಲಿ ಪಟ್ಟಿ ತಂದು ತೋರಿಸಿದಳು, ಅಕ್ಕ ನೋಡು, ಇದೇ ಮೂರು, ನೀನು ಬರೆದಿದ್ದೇ, ನಾನು ನೋಡಲಿಲ್ಲ, ವರ್ಷಕ್ಕೊಂದು ದಿನ ಬಂದು ಇಷ್ಟು ಮಾಡಿದೆಯಲ್ಲ ಅಂದುಬಿಟ್ಟೆ, ಅವಳು ಅಳುತ್ತಾ ಚಪ್ಪಲಿ ಮೆಟ್ಟಿಕೊಂಡು ಹೋದಳು, ಇಷ್ಟೂ ಹೊತ್ತು ಅಮ್ಮ ಮಂಚದ ಮೇಲೆ, ತಲೆಗೆ ಪಟ್ಟಿ ಸುತ್ತಿಕೊಂಡು, ಎಚ್ಚರವಾಗಿಯೇ ಇದ್ದಳು, ಎಲ್ಲ ಕೇಳುತ್ತಿದ್ದಳು, ಒಂದು ಮಾತು ಆಡಲಿಲ್ಲ.

ಓ, ಸಿಕ್ತಾ — ಬಾಗಿಲಲ್ಲಿ ಅಮ್ಮ, ಯಾವಾಗ ಎದ್ದಳೋ, ಹುಬ್ಬಿನ ಮೇಲಿನ ಪ್ಲಾಸ್ಟರ್ ಅಂಚು ಕಿತ್ತುಬಂದಿದೆ, ಪತ್ರಿಕೆಯ ಮೇಲಿನ ರಾಶಿ ನೋಡಿದಳು, ಕಳ್ಳ ಸಿಕ್ಕಿಬಿದ್ದ ಮುಖವಲ್ಲ ಅದು, ಕಳೆದುಹೋದ ಕತ್ತರಿ ಸಿಕ್ಕಿದಾಗಿನ ಮುಖ, ಯಾಕಮ್ಮ ಅಂದೆ, ಚಹಾ ಆಯ್ತಾ ಅಂದಳು, ಚಹಾ ಆಮೇಲೆ, ಯಾಕೆ ಹೇಳು ಅಂದೆ, ಅವಳು ಕುರ್ಚಿಯಲ್ಲಿ ಕೂತಳು, ಕಾಲಿನಿಂದ ಬಕೆಟ್ಟನ್ನು ಒಂದಿಷ್ಟು ಆಚೆ ಸರಿಸಿದಳು, ನುಂಗಿದ್ರೆ ತಲೆ ತುಂಬ ಹತ್ತಿ ತುರುಕಿದ ಹಾಗಾಗುತ್ತೆ ಕಣೇ, ಮಧ್ಯಾಹ್ನದವರೆಗೂ ಯಾರ ಮಾತೂ ಸರಿಯಾಗಿ ಒಳಗೆ ಬರಲ್ಲ, ಪೇಪರ್ ಓದ್ತಿದ್ರೆ ಕೆಳಗಿನ ಸಾಲಿಗೆ ಬರೋ ಹೊತ್ತಿಗೆ ಮೇಲಿನ ಸಾಲು ಹೋಗಿರುತ್ತೆ, ಡಾಕ್ಟರಿಗೆ ಹೇಳಬೇಕಿತ್ತು ಅಂದೆ, ಹೇಳಿದೆ ಕಣೇ, ನೀನು ಔಷಧ ತರೋಕೆ ಹೋಗಿದ್ದಾಗ, ವಯಸ್ಸಾಯ್ತಲ್ಲಮ್ಮ ಅಂದ್ರು, ನನಗಾದ್ರೂ ಹೇಳಬೇಕಿತ್ತು ಅಂದೆ, ನಿನಗೆ ಹೇಳಿದ್ರೆ ನೀನು ಡಾಕ್ಟರಿಗೆ ಹೇಳ್ತಿದ್ದೆ — ಸಿಟ್ಟು ಬರಬೇಕು, ಬರುತ್ತಿದೆ, ಆದರೆ ಅದಕ್ಕಿಂತ ಮುಂಚೆ ಇನ್ನೊಂದು ಪ್ರಶ್ನೆ ನುಗ್ಗಿ ಬಂತು, ನನ್ನ ಬುದ್ಧಿಯೇ ಹೀಗೆ, ಮನೆಗೆ ಬೆಂಕಿ ಬಿದ್ದರೂ ಉರಿ ಯಾವ ಬಣ್ಣ ಅಂತ ನೋಡುವವಳು, ಅಲ್ಲಮ್ಮ, ಕಸದ ಬುಟ್ಟಿಗೆ ಹಾಕಬಹುದಿತ್ತಲ್ಲ, ಗಿಡಕ್ಕೆ ಯಾಕೆ ಹಾಕಿದೆ, ಅಮ್ಮ ನನ್ನನ್ನು ದಡ್ಡಿ ಅನ್ನುವ ಹಾಗೆ ನೋಡಿದಳು, ಕಸದ ಬುಟ್ಟಿ ಎಲ್ಲಿದೆ ಈ ಮನೇಲಿ, ಒಂದೊಂದು ಸಿಪ್ಪೆನೂ ಕೈಯಲ್ಲಿ ಕೆದಕಿ ಗೊಬ್ಬರಕ್ಕೆ ಹಾಕ್ತೀಯ, ತೊಟ್ಟಿಗೆ ಬಿಟ್ರೆ ಕೆಳಗೆ ಬಕೆಟ್ಟು ಇಟ್ಟಿದ್ದೀಯ, ಕಿಟಕಿಯಿಂದ ಎಸೆದ್ರೆ ಕೆಳಗಿನ ಟೈಲರ್ ಬಂದು ಕೇಳ್ತಾನೆ, ಮೊದಲೇ ನಿನ್ನ ಗಿಡದ ನೀರು ಸೋರಿ ಅವನ ಬಟ್ಟೆ ಮೇಲೆ ಬೀಳುತ್ತೆ ಅಂತ ಕೂಗ್ತಿರ್ತಾನೆ, ಹೇಗಿದ್ರೂ ಎಲ್ಲ ಕೊನೆಗೆ ಇಲ್ಲಿಗೇ ಬರುತ್ತಲ್ಲ, ನಾನೇ ತಂದು ಹಾಕಿಬಿಟ್ಟೆ — ಸರಿ, ಮೆಣಸಿನ ಗಿಡಕ್ಕೇ ಯಾಕೆ, ಕೈಗೆಟುಕುತ್ತಿತ್ತು ಅಂದಳು, ನನಗೆ ತಡೆಯಲಾಗದೆ ನಗು ಬಂತು, ಅವಳೂ ನಕ್ಕಳು, ಹೊಲಿಗೆ ಎಳೆದಂತಾಗಿ ಹಣೆ ಹಿಡಿದುಕೊಂಡಳು, ಆ ಹೊಲಿಗೆ ನೋಡಿ ನಗು ನಿಂತುಹೋಯಿತು, ಅಮ್ಮ, ಅವತ್ತು ಅವಳ ಮೇಲೆ ನಾನು ಹಾಗೆ ಕೂಗಿದಾಗ ನೀನು ಕೇಳ್ತಾ ಇದ್ದೆ, ಅಮ್ಮ ಸೀರೆಯ ಅಂಚನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು, ಹೆದರಿಕೆ ಆಯ್ತು ಅಂದಳು, ನನ್ನ ಕಂಡಾ ಅಂದೆ, ನಿನ್ನ ಕಂಡಲ್ಲ, ಇಷ್ಟು ವರ್ಷ ನರ್ಸ್ ಆಗಿದ್ದೋಳೇ ಹೀಗೆ ಮಾಡಿದ್ದಾಳೆ ಅಂತ ಗೊತ್ತಾದ್ರೆ ನಾಳೆಯಿಂದ ಒಂದು ಲೋಟ ನೀರು ಕುಡಿಯೋಕೂ ಕಾವಲು ಹಾಕ್ತೀರಲ್ಲ ಅಂತ.

ಚೀಟಿಯ ಮೇಲಿದ್ದ ನಂಬರಿಗೆ ಫೋನು ಮಾಡಿದೆ, ಡಾಕ್ಟರು ಎಲ್ಲ ಕೇಳಿ ಯಾವ ಗಿಡ ಅಂದರು, ಅವರೂ ನನ್ನ ಜಾತಿಯವರೇ ಇರಬೇಕು, ಇವತ್ತು ಯಾವ ಮಾತ್ರೆನೂ ಕೊಡಬೇಡಿ, ನಾಳೆ ಬೆಳಗ್ಗೆ ಕರ್ಕೊಂಡು ಬನ್ನಿ ಅಂದರು, ಫೋನು ಇನ್ನೂ ನನ್ನ ಕೈಯಲ್ಲೇ ಇತ್ತು, ಇನ್ನೊಂದು ನಂಬರು ಒತ್ತಬೇಕು, ಬೆರಳು ಹೋಗುತ್ತಿಲ್ಲ, ತಪ್ಪು ಮಾಡಿದ್ದು ನಾನು, ಕ್ಷಮಿಸು ಅನ್ನುವುದಕ್ಕೆ ಅಕ್ಕನ ನಾಲಿಗೆ ಎಷ್ಟು ದಪ್ಪ, ಅಮ್ಮ ಕೈ ಚಾಚಿ ಫೋನು ಕಿತ್ತುಕೊಂಡಳು, ತಾನೇ ಮಾಡಿದಳು, ಹಲೋ ಅನ್ನುವ ಮುಂಚೆಯೇ, ನಿನ್ನ ತಪ್ಪಲ್ಲ ಕಣೇ, ನೀನು ಸರಿಯಾಗೇ ಕೊಟ್ಟೆ, ಸರಿಯಾಗಿ ಕೊಟ್ಟಿದ್ದೇ ಎಡವಟ್ಟಾಯ್ತು, ನಾನು ದಿನಾ ನುಂಗ್ತಿರಲಿಲ್ಲ ಅಂದಳು, ಆ ಕಡೆಯಿಂದ ತಂಗಿ ಎಷ್ಟೋ ಹೊತ್ತು ಏನೇನೋ ಕೂಗಿದಳು, ಇಷ್ಟು ದೂರಕ್ಕೂ ಕೇಳಿಸುತ್ತಿತ್ತು, ಅಮ್ಮ ಹೂಂ, ಹೂಂ ಅನ್ನುತ್ತಾ ಕೂತಿದ್ದಳು, ಕೊನೆಗೆ ತಗೋ, ಅಕ್ಕನ ಜೊತೆ ಮಾತಾಡು ಎಂದು ನನ್ನ ಕಿವಿಗೆ ಹಿಡಿದಳು, ನಾನು, ಅವತ್ತು ನಾನು, ಅಂದೆ, ಅವಳು ಗೊತ್ತಾಯ್ತು ಬಿಡು, ಮೆಣಸಿನಕಾಯಿ ತಿಂದ್ಯಾ ಅದರದು ಅಂದಳು, ಇನ್ನೂ ಕಾಯಿ ಬಿಟ್ಟಿಲ್ಲ ಅಂದೆ, ಬಿಟ್ರೂ ತಿನ್ನಬೇಡ ಅಂದಳು, ಅಷ್ಟೇ, ಇಬ್ಬರೂ ಮೂಗು ಒರೆಸಿಕೊಂಡೆವು, ಫೋನಿನಲ್ಲಿ ಅದು ಗೊತ್ತಾಗುತ್ತದೆ — ಸೋಮವಾರ ಡಾಕ್ಟರು ಮೂರೂ ಮಾತ್ರೆಗೆ ಅಡ್ಡಗೀಟು ಹಾಕಿದರು, ಬೇರೆ ಒಂದು, ಸಣ್ಣದು, ಅರ್ಧದಿಂದ ಶುರು ಮಾಡೋಣ, ತಲೆ ಭಾರ ಅನ್ನಿಸಿದ್ರೆ ನನಗೇ ಫೋನ್ ಮಾಡಿ ಅಮ್ಮ, ಅವತ್ತು ನೀವು ಹೇಳಿದಾಗ ನಾನೂ ಸರಿಯಾಗಿ ಕೇಳಿಸಿಕೊಳ್ಳಬೇಕಿತ್ತು ಅಂದರು, ಅಮ್ಮ ಅವರನ್ನು ಹೊಸದಾಗಿ ನೋಡುವವಳ ಹಾಗೆ ನೋಡಿದಳು, ಸಂಜೆ ಬಂದು ಗಿಡ ಕಿತ್ತು ಬೇರು ತೊಳೆದೆ, ಹಳೇ ಮಣ್ಣೆಲ್ಲ ಮೂಟೆ ಕಟ್ಟಿ ಆಚೆ ಹಾಕಿದೆ, ಈ ಮನೆಯಿಂದ ಹೊರಗೆ ಹೋದ ಮೊದಲ ಕಸ ಅದು, ಬೇರಿನ ತುದಿ ಕಂದಿತ್ತು, ಮಾತ್ರೆಯಿಂದ ಆದದ್ದೋ, ದಿನಾ ಬಿದ್ದ ಲೋಟದ ನೀರಿನಿಂದ ಆದದ್ದೋ, ಹೇಗೆ ತಿಳಿಯುವುದು, ಇನ್ನೊಂದು ಗಿಡ ಇಟ್ಟು ಬರೀ ನೀರು ಹಾಕಿ ನೋಡಬಹುದು, ನೋಡಬೇಕು.

ಮಂಗಳವಾರ ಬೆಳಗ್ಗೆ, ಹೊಸ ಮಾತ್ರೆಯ ಮೊದಲ ದಿನ, ಅರ್ಧ ಮುರಿದು ಅಂಗೈಗೆ ಇಟ್ಟೆ, ಲೋಟ ಕೊಟ್ಟೆ, ಏನೂ ಹೇಳಬಾರದು, ಎದುರಿಗೆ ನಿಲ್ಲಬಾರದು, ಕಾವಲು ಅನ್ನಿಸಬಾರದು ಎಂದು ಹಿಂದಿನ ದಿನದಿಂದಲೇ ನಿರ್ಧರಿಸಿದ್ದೆ, ತಿರುಗಿ ಚೀಲ ಹೆಗಲಿಗೆ ಹಾಕಿಕೊಂಡೆ, ಬರ್ತೀನಮ್ಮ ಅಂದೆ, ಅಮ್ಮ ಇರು ಅಂದಳು, ಬಾಲ್ಕನಿಗೆ ಹೋಗಲಿಲ್ಲ, ಅಲ್ಲೇ ನಿಂತು ನುಂಗಿದಳು, ಲೋಟದ ನೀರು ಪೂರ್ತಿ ಕುಡಿದಳು, ಆಮೇಲೆ ನನ್ನ ಮುಂದೆ ಬಂದು ಮುಖ ಸ್ವಲ್ಪ ಮೇಲೆ ಎತ್ತಿ ಬಾಯಿ ತೆರೆದಳು, ಆ ಎಂದು, ನಾಲಿಗೆಯನ್ನು ಮೇಲಕ್ಕೆ ಮಡಿಸಿ ಎತ್ತಿ ಹಿಡಿದಳು — ಎಲ್ಲಿ ಕಲಿತಳು ಇದನ್ನು ಎಂದು ಒಂದು ಕ್ಷಣ ಅನ್ನಿಸಿತು, ಕಲಿತದ್ದಲ್ಲ, ಕಲಿಸಿದ್ದು, ವಾರ್ಡಿನಲ್ಲಿ ಮಾತ್ರೆ ಬಚ್ಚಿಡುವವರಿಗೆ ಮಂಚ ಮಂಚಕ್ಕೂ ಹೋಗಿ ಇವಳೇ ಹೇಳುತ್ತಿದ್ದದ್ದು, ಬಾಯಿ ತೆಗೀರಿ, ನಾಲಿಗೆ ಎತ್ತಿ, ಹಾಂ, ತೋರಿಸಿ, ಚಿಕ್ಕವರಿದ್ದಾಗ ನಾನೂ ತಂಗಿಯೂ ಅದನ್ನೇ ಆಟ ಆಡುತ್ತಿದ್ದೆವು, ಅವಳು ರೋಗಿ, ನಾನು ನರ್ಸ್ — ನೋಡಬೇಕಾಗಿರಲಿಲ್ಲ, ಬೇಡಮ್ಮ, ಮುಚ್ಚು ಅನ್ನಬಹುದಿತ್ತು, ಅಪ್ಪಿಕೊಳ್ಳಬಹುದಿತ್ತು, ಆದರೆ ಕಣ್ಣು ಹೋಗಿಬಿಟ್ಟಿತು, ನೇರ ನಾಲಿಗೆಯ ಕೆಳಕ್ಕೆ, ಹುಡುಕಿಬಿಟ್ಟಿತು, ಎಡಕ್ಕೆ, ಬಲಕ್ಕೆ, ಕೆಳಗಿನ ಹಲ್ಲಿನ ಸಾಲಿನವರೆಗೂ, ಅಮ್ಮನ ಕಣ್ಣು ನನ್ನ ಕಣ್ಣನ್ನೇ ನೋಡುತ್ತಿತ್ತು, ನಾನು ಹುಡುಕಿದ್ದನ್ನು ನೋಡುತ್ತಿತ್ತು, ಆಮೇಲೆ ಅವಳು ಬಾಯಿ ಮುಚ್ಚಿ, ಹೋಗು, ಬಸ್ಸು ಹೋಗುತ್ತೆ ಅಂದಳು, ಅಷ್ಟೇ ನಡೆದದ್ದು — ಬಸ್ಸಿನಲ್ಲಿ ಕೂತರೆ ಮುಂದಿನ ಸೀಟಿನ ಬೆನ್ನಿನ ಮೇಲೆ ಅದೇ, ಎತ್ತಿದ ನಾಲಿಗೆ, ಬುಧವಾರವೂ ಕೇಳದೆಯೇ ತೆರೆದಳು, ನಾನು ಮುಖ ತಿರುಗಿಸಿಕೊಂಡೆ, ತಿರುಗಿಸುವ ಮುಂಚೆ ನೋಡಿಯೂಬಿಟ್ಟೆ, ಇವತ್ತು ಗುರುವಾರವೂ ಹಾಗೆಯೇ, ಈಗ ಅಂಗಡಿಯಲ್ಲಿ ಡಬ್ಬ ಕುಲುಕುವ ಯಂತ್ರ ಗಡಗಡ ಅನ್ನುತ್ತಿದೆ, ಗಿರಾಕಿ ಏನೋ ಕೇಳುತ್ತಿದ್ದಾನೆ, ಮೇಡಂ, ಇದು ಒಣಗಿದ ಮೇಲೆ ಗಾಢ ಆಗುತ್ತಾ, ತಿಳಿ ಆಗುತ್ತಾ, ಉತ್ತರ ನನಗೆ ಗೊತ್ತಿದೆ, ನಾಳೆ ಅವಳು ತೆರೆದರೆ ನಾನೇನು ಮಾಡಲಿ, ತೆರೆಯದಿದ್ದರೆ ಏನು ಮಾಡಲಿ, ಯಂತ್ರ ನಿಂತಿತು, ಮೇಡಂ, ಮೇಡಂ — ತೆರೆದ ಬಾಯಿ, ಎತ್ತಿದ ನಾಲಿಗೆ, ಅದರ ಕೆಳಗೆ ಎರಡು ನೀಲಿ ನರ, ಮತ್ತೇನೂ ಇಲ್ಲ, ಎತ್ತಿದ ನಾಲಿಗೆ, ಏನೂ ಇಲ್ಲ